ಝೀಕಾ ಬರೀ ಬಸುರಿ ಹೆಂಗಸರ ತಲೆನೋವಾ?

2023ರ ನವೆಂಬರಿನಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಟೀವಿಯಲ್ಲೆಲ್ಲಾ ಬಂದಿತ್ತು, ನೆನಪಿದೆಯಾ? ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿದೆ ಅಂತ. ಆರೋಗ್ಯ ಇಲಾಖೆಯವರು ಅಲ್ಲಿನ ಗರ್ಭಿಣಿಯರ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಸರಿಯಾದ ಕೆಲಸವೇ. ಆದರೆ ನಾನು ನೋಡಿದ ಸುದ್ದಿಗಳಲ್ಲಿ ಗಂಡಸರ ಮಾತೇ ಇರಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಝೀಕಾ ತಗುಲಿದ ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಉಳಿದವರಿಗೆ ನಾಲ್ಕು ದಿನ ಸಣ್ಣ ಜ್ವರ, ಮೈಮೇಲೆ ಗಂಧೆ, ಕಣ್ಣು ಕೆಂಪು, ಕೀಲುನೋವು. ಅಷ್ಟೇ. ಆದರೆ ಬಸುರಿಗೆ ಬಂದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೇ ಪೆಟ್ಟು ಬೀಳಬಹುದು. 2015ರಲ್ಲಿ ಬ್ರೆಜಿಲಿನಲ್ಲಿ ತೀರಾ ಚಿಕ್ಕ ತಲೆಯ ಮಕ್ಕಳು ಹುಟ್ಟತೊಡಗಿದಾಗಲೇ ಜಗತ್ತು ಎಚ್ಚೆತ್ತಿದ್ದು. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಂತಾರಾಷ್ಟ್ರೀಯ ತುರ್ತುಸ್ಥಿತಿ ಅಂತ ಘೋಷಿಸಿತು.

ಇನ್ನು ಗಂಡಸರ ವಿಷಯ. ಜ್ವರ ಬಿಟ್ಟು, ರಕ್ತದಿಂದ ಮಾಯವಾದ ಮೇಲೂ ಈ ವೈರಸ್ ವೀರ್ಯದಲ್ಲಿ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಂದರೆ ಹೆಂಡತಿ ಸೊಳ್ಳೆಪರದೆಯೊಳಗೆ ಎಷ್ಟೇ ಜೋಪಾನವಾಗಿದ್ದರೂ ಗಂಡನಿಂದಲೇ ಅಂಟಬಹುದು! ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ಲೆಕ್ಕ ಬೇರೆ ಬೇರೆ: ಝೀಕಾ ಇರುವ ಕಡೆಯಿಂದ ಬಂದ ಹೆಂಗಸು ಎರಡು ತಿಂಗಳು ಎಚ್ಚರವಾಗಿರಬೇಕು, ಗಂಡಸು ಮೂರು ತಿಂಗಳು. ಹೆಂಡತಿ ಬಸುರಿಯಾಗಿದ್ದರೆ ಹೆರಿಗೆಯಾಗುವವರೆಗೂ ಕಾಂಡೋಮ್ ಬೇಕು, ಇಲ್ಲವೇ ದೂರ ಇರಬೇಕು.

ಇದನ್ನು ಗಂಡನಿಗೆ ಹೇಳುವವರು ಯಾರು? ಆಶಾ ಕಾರ್ಯಕರ್ತೆ ಬಂದು ಹೆಂಡತಿಗೆ ಹೇಳಿ ಹೋಗುತ್ತಾರೆ. ಆಕೆ ಅದನ್ನು ಗಂಡನ ಮುಂದೆ ಬಾಯಿಬಿಟ್ಟು ಹೇಳುವುದು ನಮ್ಮ ಹಳ್ಳಿಗಳಲ್ಲಿ ಅಷ್ಟು ಸುಲಭವಾ?

ಸೊಳ್ಳೆಯ ಕಥೆಯೂ ಹಾಗೇ. ಗೌರಿಬಿದನೂರಿರಲಿ, ಚಿಂತಾಮಣಿಯಿರಲಿ, ನೀರು ಬಂದಾಗ ಡ್ರಮ್ಮು, ತೊಟ್ಟಿ, ಬಿಂದಿಗೆ ತುಂಬಿಟ್ಟುಕೊಳ್ಳುವುದು ನಮಗೆ ರೂಢಿ. ಹಗಲು ಕಚ್ಚುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಅದೇ ನೀರಿನಲ್ಲಿ. ವಾರಕ್ಕೊಮ್ಮೆ ಅವನ್ನೆಲ್ಲ ಖಾಲಿ ಮಾಡಿ ತಿಕ್ಕಬೇಕು. ತಿಕ್ಕುವುದು ಮತ್ತೆ ಯಾರು? ಏಳು ತಿಂಗಳ ಬಸುರಿಯಾದರೂ ಆಕೆಯೇ.

ನನ್ನ ಸಲಹೆ ಸಣ್ಣದು. ಮುಂದಿನ ಸಲ ಇಂಥ ಸುದ್ದಿ ಬಂದರೆ ಒಂದು ಬೋರ್ಡನ್ನು ಅಂಗನವಾಡಿಯಲ್ಲಿ ಹಾಕಿ, ಇನ್ನೊಂದನ್ನು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಾಕಿ. ಗಂಡಸರು ಓದಲಿ. ನಾಚಿಕೆಯಾದರೆ ಆಗಲಿ ಬಿಡಿ, ಮಗು ಇಬ್ಬರದೂ ತಾನೇ?

ಏನಂತೀರಿ?