ತೋಟದ ಮನೆಯ ಅತಿಥಿ, ತೋಟದ ಮನೆಗೇ ಆದಾಯ

ವಿಜಯಪುರಕ್ಕೆ ಬರುವ ಪ್ರವಾಸಿಗರಲ್ಲಿ ಬಹುತೇಕರು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನುಗಳನ್ನು ನೋಡಿಕೊಂಡು ಅದೇ ಸಂಜೆ ಬಾದಾಮಿಯತ್ತಲೋ ಸೊಲ್ಲಾಪುರದತ್ತಲೋ ಹೊರಟುಬಿಡುತ್ತಾರೆ ಎಂಬುದು ನಮ್ಮ ವ್ಯಾಪಾರಸ್ಥರ ಹಳೆಯ ಕೊರಗು. ಇದಕ್ಕೆ ಸಾಮಾನ್ಯವಾಗಿ ಸೂಚಿಸಲಾಗುವ ಪರಿಹಾರ ನಗರದಲ್ಲಿ ಇನ್ನಷ್ಟು ಹೋಟೆಲುಗಳು. ಆದರೆ ಅವರನ್ನು ಒಂದು ರಾತ್ರಿ ಉಳಿಸಿಕೊಳ್ಳಬಲ್ಲ ಸ್ಥಳ ಅರ್ಧ ಗಂಟೆಯ ದಾರಿಯಾಚೆ, ತಿಕೋಟಾ ಮತ್ತು ಬಬಲೇಶ್ವರ ಭಾಗದ ತೋಟದ ಮನೆಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನೆರೆಯ ಮಹಾರಾಷ್ಟ್ರವನ್ನು ಗಮನಿಸಬೇಕು. ಅಲ್ಲಿ ಚಳಿಗಾಲದ 'ಹುರಡಾ ಪಾರ್ಟಿ'ಗೆ ಪಟ್ಟಣಿಗರು ಹಣ ಕೊಟ್ಟು ಹೊಲಕ್ಕೆ ಹೋಗುತ್ತಾರೆ. 2020ರಲ್ಲಿ ಆ ಸರ್ಕಾರ ಕೃಷಿ ಪ್ರವಾಸೋದ್ಯಮಕ್ಕೆಂದೇ ಪ್ರತ್ಯೇಕ ನೀತಿಯನ್ನು ಅಂಗೀಕರಿಸಿತು. ಹುರಡಾ ಎಂದರೆ ನಮ್ಮ ಸೀತನಿಯೇ. ಡೋಣಿ ದಂಡೆಯ ಎರೆಭೂಮಿಯ ಬಿಳಿಜೋಳದ ಹಾಲ್ದೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಬೆಲ್ಲ ಹಾಗೂ ಶೇಂಗಾ ಹಿಂಡಿಯೊಡನೆ ತಿನ್ನುವ ಸುಖವನ್ನು ನಾವು ರೈತಮಿತ್ರರ ಆದರದಿಂದ ಪುಕ್ಕಟೆಯಾಗಿ ಅನುಭವಿಸುತ್ತಾ ಬಂದಿದ್ದೇವೆ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬಡಿಸಿದ ಹೊಲಗಳು ನಮ್ಮಲ್ಲಿ ಯಾರಿಗೆ ಅಪರಿಚಿತ?

ಇಲ್ಲಿಯೇ ಮುಖ್ಯ ಆಕ್ಷೇಪ ಏಳುತ್ತದೆ. 'ಮನೆಗೆ ಬಂದವರಿಗೆ ಊಟ ಹಾಕಿ ದುಡ್ಡು ಕೇಳುವುದೆಂತು?' ಎಂದು ರೈತರು ಸಂಕೋಚಪಡುತ್ತಾರೆ. ಈ ಸಂಕೋಚ ಗೌರವಾರ್ಹವಾದುದು. ಬೀಗರು, ಸ್ನೇಹಿತರ ಕುರಿತು ಅದು ಹಾಗೆಯೇ ಇರಲಿ. ಆದರೆ ಪರಿಚಯವಿಲ್ಲದ ನಾಲ್ವರಿಗಾಗಿ ನಸುಕಿನಲ್ಲೆದ್ದು ರೊಟ್ಟಿ ಬಡಿಯುವ, ಹಾಸಿಗೆ ಒಗೆಯುವ ದುಡಿಮೆಗೆ ಬೆಲೆಯಿಲ್ಲವೆಂದರೆ ಆ ಔದಾರ್ಯದ ಭಾರವೆಲ್ಲ ಮನೆಯ ಹೆಣ್ಣುಮಕ್ಕಳ ಮೇಲೆಯೇ ಬೀಳುತ್ತದೆ. ಆದ್ದರಿಂದ ವಸತಿಯ ಹಣ ಮನೆಯೊಡತಿಯ ಬ್ಯಾಂಕ್ ಖಾತೆಗೇ ಜಮೆಯಾಗಬೇಕು. ಇದನ್ನು ನಾನು ಒಂದು ಷರತ್ತಾಗಿಯೇ ಮುಂದಿಡುತ್ತೇನೆ.

ಎರಡನೆಯ ಆತಂಕ ನಮ್ಮವರಿಂದಲೇ. ಲಾಭದ ಸುಳಿವು ಸಿಕ್ಕೊಡನೆ ಎರಡೆಕರೆ ಕೊಂಡು, ಈಜುಕೊಳ ಕಟ್ಟಿ, 'ತೋಟದ ಮನೆ' ಎಂಬ ಫಲಕ ತೂಗುಹಾಕುವ ಉತ್ಸಾಹಿಗಳಿಗೆ ಕೊರತೆಯಿಲ್ಲ. ಕೊಡಗಿನಲ್ಲಿ ಕಾಫಿ ಬೆಳೆಗಾರರ ಮನೆಗಳಲ್ಲಿ ಆರಂಭವಾದ ಹೋಂಸ್ಟೇ ಪದ್ಧತಿಗೆ ನೋಂದಣಿಯಿಲ್ಲದ ವಸತಿಗಳು ತಂದ ಅಪಕೀರ್ತಿ ನಮ್ಮ ಕಣ್ಣಮುಂದಿದೆ. ಮನೆಯವರು ವಾಸವಿಲ್ಲದ ಮನೆ ಹೋಂಸ್ಟೇ ಅಲ್ಲ, ಲಾಡ್ಜು.

ಹಾಗಾದರೆ ವರ್ತಕರಿಗೇನು ಲಾಭ? ಸೀತನಿಯ ಹಿಂದೆಯೇ ದ್ರಾಕ್ಷಿ ಕೊಯ್ಲು, ಒಣದ್ರಾಕ್ಷಿಯ ಹಂಗಾಮು ಬರುತ್ತದೆ. ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ, ನೆರಳಿನಲ್ಲಿ ಒಣಗಿಸುವುದನ್ನು ಕಣ್ಣಾರೆ ಕಂಡ ಅತಿಥಿ ಬರಿಗೈಯಲ್ಲಿ ಹಿಂದಿರುಗಲಾರ. ಅವನಿಗೆ ಬೇಕಾದುದು ಹದಿನೈದು ಕಿಲೋದ ರಟ್ಟಿನ ಪೆಟ್ಟಿಗೆಯಲ್ಲ, ಊರಿನ ಹೆಸರು ಹೊತ್ತ ಅರ್ಧ ಕಿಲೋದ ಅಚ್ಚುಕಟ್ಟಾದ ಪೊಟ್ಟಣ. ಅದನ್ನು ಒದಗಿಸುವುದು ನಮ್ಮ ಮುದ್ರಕರ, ಪ್ಯಾಕಿಂಗ್ ಘಟಕಗಳ ಕೆಲಸ. ಹಾಸಿಗೆ, ಸೌರ ಜಲತಾಪಕ, ವಾಹನ, ಇವೂ ಪೇಟೆಯಿಂದಲೇ ಹೋಗಬೇಕು.

ತೊಡಕುಗಳನ್ನು ಮರೆಮಾಚಲಾಗದು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಅತಿಥಿಗಳನ್ನು ಕರೆಯುವುದು ಅವಿವೇಕ. ದ್ರಾಕ್ಷಿಗೆ ಔಷಧಿ ಸಿಂಪಡಿಸುವ ದಿನ ಮಕ್ಕಳನ್ನು ತೋಟದೊಳಗೆ ಬಿಡಕೂಡದು. ಶುಚಿಯಾದ ಶೌಚಾಲಯ, ಕುಡಿಯಲು ಯೋಗ್ಯ ನೀರು ಇಲ್ಲದ ಮನೆ ಈ ಕಾರ್ಯಕ್ಕೆ ಕೈಹಾಕದಿರುವುದೇ ಲೇಸು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಅವಶ್ಯ. ವಿದೇಶೀಯರು ತಂಗಿದರೆ 24 ಗಂಟೆಯೊಳಗೆ ಸಂಬಂಧಿಸಿದ ಅಧಿಕಾರಿಗಳಿಗೆ ಮಾಹಿತಿ ನೀಡಬೇಕು. ಈ ಕಾಗದಪತ್ರಗಳಿಗೆ ರೈತಕುಟುಂಬ ಅಲೆದಾಡದಂತೆ ನಮ್ಮ ಸಂಸ್ಥೆಯ ಕಾರ್ಯಾಲಯದಲ್ಲಿ ವಾರಕ್ಕೊಂದು ದಿನ ನೆರವು ದೊರೆಯಲಿ.

ಪ್ರಾರಂಭಕ್ಕೆ ದೂರದ ಪ್ರವಾಸಿಗರನ್ನು ಕಾಯಬೇಕಾಗಿಲ್ಲ. ಹಂಗಾಮಿನಲ್ಲಿ ಒಣದ್ರಾಕ್ಷಿ ಖರೀದಿಗೆ ನಮ್ಮಲ್ಲಿಗೆ ಬರುವ ಹೊರಊರಿನ ವರ್ತಕರನ್ನು ನಗರದ ಲಾಡ್ಜಿನ ಬದಲು ಒಂದು ರಾತ್ರಿ ತಿಕೋಟಾದ ತೋಟವೊಂದರಲ್ಲಿ ಇಳಿಸೋಣ. ಬಾಡಿಗೆಯನ್ನು ಮುಂಗಡವಾಗಿ, ಪೂರ್ತಿಯಾಗಿ, ಚೌಕಾಸಿ ಮಾಡದೆ ಕೊಡೋಣ.