ಮುಗಿಯಿತೆಂದು ಹೇಳುವವರು ಯಾರು?

ಫಲಿತಾಂಶದ ದಿನ. ಮಗನ ಗೆಳೆಯ ಫೋನು ಮಾಡಿ ‘ನಿಮ್ಮ ಹುಡುಗ ಗಣಿತದಲ್ಲಿ ಪಾಸಾಗಿ...’ ಎನ್ನುವಷ್ಟರಲ್ಲಿ ಲೈನು ಕಡಿದುಹೋಯಿತು ಎನ್ನಿ. ತಂದೆತಾಯಿಯರ ಪಾಡೇನು? ಪಾಸಾಗಿದ್ದಾನೋ, ಪಾಸಾಗಿಲ್ಲವೋ? ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಇಲ್ಲ’ ಎನ್ನುವುದು ಅದಕ್ಕಿಂತಲೂ ಕೊನೆಗೆ. ವಾಕ್ಯ ಮುಗಿಯಿತೆಂಬ ಖಾತರಿ ಸಿಗುವವರೆಗೆ ಅರ್ಥ ಹೇಳುವಂತಿಲ್ಲ.

ಕಂಪ್ಯೂಟರಿಗೂ ಇದೇ ಫಜೀತಿ. ಆದಿಚುಂಚನಗಿರಿ ಬೆಟ್ಟದ ಬಳಿ ಬಿ.ಜಿ. ನಗರದಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಾಗಲಿ, ರಾಜ್ಯದ ಬೇರೆ ಊರುಗಳ ಮಕ್ಕಳಾಗಲಿ, ಕಂಪ್ಯೂಟರ್ ವಿಭಾಗ ಸೇರಿದವರಲ್ಲಿ ಹಲವರು ಒಂದಲ್ಲ ಒಂದು ದಿನ ಲೆಕ್ಸ್ ಮತ್ತು ಯಾಕ್ ಎಂಬ ಜೋಡಿಯನ್ನು ಎದುರಿಸುತ್ತಾರೆ. ಯಾಕ್ ಸ್ಟೀಫನ್ ಜಾನ್ಸನ್ ಅವರದು. ಲೆಕ್ಸ್ ಮೈಕ್ ಲೆಸ್ಕ್ ಮತ್ತು ಎರಿಕ್ ಸ್ಮಿಟ್ ಅವರದು. ಈ ಸ್ಮಿಟ್ ಮುಂದೆ ಗೂಗಲ್‌ನ ಮುಖ್ಯಸ್ಥರಾದವರು. ಎರಡೂ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡವು. ಲೆಕ್ಸ್‌ನಿಂದ ತಯಾರಾಗುವ ಸ್ಕ್ಯಾನರ್ ಅಕ್ಷರಗಳ ಸಾಲನ್ನು ಪದಗಳಾಗಿ ಬಿಡಿಸುತ್ತದೆ. ಈ ಪದಗಳಿಗೆ ಟೋಕನ್ ಎಂದು ಹೆಸರು. ಯಾಕ್‌ನಿಂದ ತಯಾರಾಗುವ ಪಾರ್ಸರ್ ಆ ಪದಗಳು ವ್ಯಾಕರಣಕ್ಕೆ ಹೊಂದುತ್ತವೆಯೇ ಎಂದು ನೋಡುತ್ತದೆ. ಒಬ್ಬ ಪದ ಬಿಡಿಸಿ ಕೊಡುವವನು, ಇನ್ನೊಬ್ಬ ಅನ್ವಯ ಮಾಡುವವನು.

ವಿದ್ಯಾರ್ಥಿನಿಯೊಬ್ಬಳು ಲೆಕ್ಕ ಮಾಡುವ ಪ್ರೋಗ್ರಾಮು ಬರೆದು, 2+3 ಎಂದು ಒತ್ತಿ, ಎಂಟರ್ ಒತ್ತಿದಳು. ಉತ್ತರವಿಲ್ಲ. ಮತ್ತೆ ಎಂಟರ್. ಉತ್ತರವಿಲ್ಲ. ಪರೀಕ್ಷೆಯ ಗಡಿಯಾರ ಓಡುತ್ತಿದೆ. ಪ್ರೋಗ್ರಾಮು ಕೆಟ್ಟಿತೆಂದು ಅವಳು ಸರಿಯಾಗಿದ್ದ ಸಾಲುಗಳನ್ನೇ ತಿದ್ದಲು ಹೊರಡುತ್ತಾಳೆ! ಕೆಟ್ಟದ್ದು ಏನೂ ಇಲ್ಲ. ಹೊಸ ಸಾಲನ್ನು ಖಾಲಿ ಜಾಗದಂತೆ ದಾಟಿಬಿಡು ಎಂದು ಅವಳೇ ಬರೆದಿದ್ದಾಳೆ. 3 ಆದ ಮೇಲೆ *4 ಬಂದೀತು, ಆಗ ಉತ್ತರ 5 ಅಲ್ಲ, 14. ಹಾಗಾಗಿ ಪಾರ್ಸರ್ ಕಾಯುತ್ತಿದೆ. ಯುನಿಕ್ಸ್ ಅಥವಾ ಲಿನಕ್ಸ್‌ನಲ್ಲಾದರೆ ಹೊಸ ಸಾಲಿನ ಆರಂಭದಲ್ಲಿ ಕಂಟ್ರೋಲ್ ಕೀಲಿಯೊಡನೆ ಡಿ, ವಿಂಡೋಸ್‌ನಲ್ಲಾದರೆ ಕಂಟ್ರೋಲ್‌ನೊಡನೆ ಝಡ್ ಮತ್ತು ಎಂಟರ್ ಒತ್ತಬೇಕು. ‘ಇನ್ನೇನೂ ಇಲ್ಲ’ ಎಂಬ ಸುದ್ದಿ ಆಗ ಒಳಗೆ ತಲುಪುತ್ತದೆ.

ಆ ಸುದ್ದಿಯೂ ಒಂದು ಟೋಕನ್ನೇ. ಸ್ಕ್ಯಾನರ್ ಪ್ರತಿ ಪದಕ್ಕೂ ಒಂದು ಸಂಖ್ಯೆಯನ್ನು ಪಾರ್ಸರಿಗೆ ಒಪ್ಪಿಸುತ್ತದೆ. ಕೊನೆ ಬಂದಾಗ ಸೊನ್ನೆಯನ್ನು ಒಪ್ಪಿಸುತ್ತದೆ. ಬಂದದ್ದೆಲ್ಲ ವ್ಯಾಕರಣಕ್ಕೆ ಹೊಂದಿ, ನಂತರ ಸೊನ್ನೆಯೂ ಬಂದರೆ ಮಾತ್ರ ಯಾಕ್ ‘ಸರಿ’ ಎನ್ನುತ್ತದೆ. ಇಲ್ಲೊಂದು ಗೊಂದಲವಿದೆ. ಒಂದು ಫೈಲು ಮುಗಿದಾಗ ಸ್ಕ್ಯಾನರ್ ‘ವೈವೈರ್‍ಯಾಪ್’ ಎಂಬ ಪುಟ್ಟ ಫಂಕ್ಷನ್ನನ್ನು ಕರೆದು, ಎಲ್ಲ ಮುಗಿಯಿತೇ ಎಂದು ಕೇಳುತ್ತದೆ. ಅಲ್ಲಿ ‘ಮುಗಿಯಿತು’ ಎನ್ನಲು 1 ಹೇಳಬೇಕು. ಇನ್ನೊಂದು ಫೈಲು ತೆರೆದುಕೊಟ್ಟಿದ್ದರೆ 0. ಏನನ್ನೂ ತೆರೆಯದೆ ಸುಮ್ಮನೆ 0 ಎಂದರೆ ಪಾಪದ ಸ್ಕ್ಯಾನರ್ ಖಾಲಿ ಫೈಲಿನಲ್ಲೇ ಗಿರಕಿ ಹೊಡೆಯುತ್ತದೆ. ಆ ಫಂಕ್ಷನ್ನನ್ನು ಬರೆಯಲು ಮರೆತರೆ ಎಷ್ಟೋ ಸಲ ಪ್ರೋಗ್ರಾಮು ಕಟ್ಟಿಕೊಳ್ಳುವುದೇ ಇಲ್ಲ. ಲ್ಯಾಬಿನಲ್ಲಿ ಹೆಚ್ಚು ಮಕ್ಕಳನ್ನು ಕಾಡುವ ದೋಷ ಇದೇ ಇರಬೇಕು.

ಹಲವರು ಇನ್ನೊಂದು ಉಪಾಯ ಮಾಡುತ್ತಾರೆ. ಹೊಸ ಸಾಲು ಬಂದೊಡನೆ ಸೊನ್ನೆ ಕಳಿಸಿ ಎಂದು ಬರೆದುಬಿಡುತ್ತಾರೆ. ಲ್ಯಾಬಿನ ಮಟ್ಟಿಗೆ ಕೆಲಸ ಆಗುತ್ತದೆ, ಅಂಕವೂ ಬರುತ್ತದೆ. ಆದರೆ ಲೆಕ್ಕ ಎರಡು ಸಾಲಿಗೆ ಹರಿದರೆ ಎರಡನೆಯ ಸಾಲು ಕಣ್ಣಿಗೇ ಬೀಳುವುದಿಲ್ಲ. ಸಾಲಿನ ಕೊನೆ ಬೇರೆ, ಬರಹದ ಕೊನೆ ಬೇರೆ.

ಶಾಸನ ಕೆತ್ತಿಸಿದ ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ನಾಗಮಂಗಲ ಸೀಮೆಯನ್ನೂ ಆಳಿದ ಹೊಯ್ಸಳರ ಕಾಲದ ಎಷ್ಟೋ ಶಾಸನಗಳು ‘ಮಂಗಳ ಮಹಾ ಶ್ರೀ’ ಎಂದು ಮುಗಿಯುತ್ತವೆ. ಅದು ಶುಭದ ಮಾತು, ನಿಜ. ಜೊತೆಗೆ, ಬರಹ ಇಲ್ಲಿಗೆ ಪೂರ್ತಿಯಾಯಿತು ಎಂಬ ಗುರುತೂ ಆಗುತ್ತದೆ. ಕಲ್ಲಿನ ಕೆಳತುದಿ ಮುರಿದು ಆ ಮಾತು ಕಾಣದೆ ಹೋದರೆ, ದತ್ತಿ ಕೊಟ್ಟ ಭೂಮಿಯ ಎಲ್ಲೆ ಅಷ್ಟೇನೋ, ಇನ್ನೂ ಇತ್ತೋ ಎಂದು ಓದುವವರು ತಡಕಾಡಬೇಕು.

ಕೊನೆ ತಿಳಿಯದೆ ಕಾಯುವುದು ಒಂದು ಕಷ್ಟ. ಕೊನೆ ದಾಟಿ ಓದುವುದು ಅಪಾಯ. ಬೆಂಗಳೂರಿನಿಂದ ಆದಿಚುಂಚನಗಿರಿಗೆ ಹೊರಟವರು ಬೆಳ್ಳೂರು ಕ್ರಾಸಿನಲ್ಲಿ ಇಳಿಯಬೇಕು. ‘ಇದು ಬೆಳ್ಳೂರು ಕ್ರಾಸೇ?’ ಎಂದಷ್ಟೇ ಪ್ರತಿ ನಿಲ್ದಾಣದಲ್ಲಿ ಕೇಳುವವನು ಅಲ್ಲಿಯೇ ತೂಕಡಿಸಿದರೆ, ಹಿರೀಸಾವೆಯಲ್ಲಿ ‘ಅಲ್ಲ’, ಚನ್ನರಾಯಪಟ್ಟಣದಲ್ಲಿ ‘ಅಲ್ಲ’, ಹಾಸನದಲ್ಲೂ ‘ಅಲ್ಲ’. ‘ಬೆಳ್ಳೂರು ಕ್ರಾಸ್ ಬಂತೇ, ಅಥವಾ ದಾಟಿತೇ?’ ಎಂದು ಕೇಳುವವನು ಮುಂದಿನ ನಿಲ್ದಾಣದಲ್ಲಾದರೂ ಇಳಿಯುತ್ತಾನೆ.

2017ರ ಫೆಬ್ರವರಿಯಲ್ಲಿ ಆದದ್ದು ಇದೇ. ಕ್ಲೌಡ್‌ಫ್ಲೇರ್ ಎಂಬ ಅಮೆರಿಕದ ಕಂಪನಿ ಲಕ್ಷಾಂತರ ಜಾಲತಾಣಗಳ ಪುಟಗಳನ್ನು ಓದುಗರಿಗೆ ತಲುಪಿಸುತ್ತದೆ. ತಲುಪಿಸುವ ದಾರಿಯಲ್ಲಿ ಪುಟಗಳನ್ನು ಓದಿ ಸಣ್ಣಪುಟ್ಟ ಬದಲಾವಣೆ ಮಾಡುತ್ತದೆ. ಓದುವ ಪ್ರೋಗ್ರಾಮು ರೇಜೆಲ್ ಎಂಬ ಉಪಕರಣದಿಂದ ತಯಾರಾದದ್ದು. ಕೊನೆ ಬಂತೇ ಎಂದು ಅದು ಕೇಳುತ್ತಿದ್ದದ್ದು ‘==’ ಎಂಬ ಗುರುತಿನಿಂದ, ಅಂದರೆ ‘ಇದೇ ಕೊನೆಯೇ?’ ಎಂದು ಮಾತ್ರ. ಪುಟವೊಂದು ಅರ್ಧ ಬರೆದ ಟ್ಯಾಗಿನಲ್ಲಿ ನಿಂತಾಗ ಓದುವ ಬೆರಳು ಕೊನೆಯ ಮನೆಯನ್ನು ಹಾರಿಹೋಗುತ್ತಿತ್ತು. ಆಮೇಲೆ ಯಾವ ಮನೆಯೂ ‘ಇದೇ ಕೊನೆ’ ಅಲ್ಲ! ಪಕ್ಕದ ಸ್ಮೃತಿಯಲ್ಲಿದ್ದ ಬೇರೆಯವರ ಸಂದೇಶ, ಗುಪ್ತ ಮಾಹಿತಿ ಎಲ್ಲವೂ ಅಪರಿಚಿತರ ಪುಟಕ್ಕೆ ಸೋರಿತು. ಗೂಗಲ್‌ನ ಟ್ಯಾವಿಸ್ ಒರ್ಮಂಡಿ ಅದನ್ನು ಕಂಡುಹಿಡಿದರು. ಫೆಬ್ರವರಿ 13ರಿಂದ 18ರ ನಡುವೆ ಸೋರಿಕೆ ಅತಿ ಹೆಚ್ಚಾಗಿದ್ದಾಗ, ಸುಮಾರು 33 ಲಕ್ಷ ಕೋರಿಕೆಗಳಿಗೆ ಒಂದರಂತೆ ಹೀಗಾಯಿತೆಂದು ಕಂಪನಿಯೇ ಪ್ರಕಟಿಸಿತು. ಲೆಕ್ಕಕ್ಕೆ ಚಿಕ್ಕದು, ಆದರೆ ಸೋರಿದ ಪುಟಗಳನ್ನು ಹುಡುಕುಯಂತ್ರಗಳು ಆಗಲೇ ಪ್ರತಿ ಮಾಡಿಕೊಂಡಿದ್ದವು. ಅವನ್ನು ಹುಡುಕಿ ಅಳಿಸಬೇಕಾಯಿತು.

ಗಮನಿಸಬೇಕಾದ ಮಾತೆಂದರೆ, ದೋಷ ರೇಜೆಲ್‌ನದಲ್ಲ, ಅದನ್ನು ಬಳಸಿದ ಬಗೆಯದು ಎಂದು ಕಂಪನಿಯೇ ಒಪ್ಪಿಕೊಂಡಿತು. ಅದು ವರ್ಷಗಟ್ಟಲೆ ಅಲ್ಲೇ ಮಲಗಿತ್ತು. ಸುತ್ತಲಿನ ವ್ಯವಸ್ಥೆ ಬದಲಾದಾಗ ಎದ್ದಿತು. ‘==’ ಇದ್ದಲ್ಲಿ ‘>=’ ಇದ್ದಿದ್ದರೆ, ಅಂದರೆ ‘ಬಂತೇ, ಅಥವಾ ದಾಟಿತೇ?’ ಎಂದು ಕೇಳಿದ್ದರೆ, ಅಲ್ಲಿಗೇ ನಿಲ್ಲುತ್ತಿತ್ತು.

ಲೆಕ್ಸ್ ಮತ್ತು ಯಾಕ್ ಕಲಿಯುತ್ತಿರುವ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ತಮ್ಮ ಪ್ರೋಗ್ರಾಮಿಗೆ ಮೂರು ಫೈಲು ಕೊಡಲಿ: ಏನೂ ಬರೆಯದ ಖಾಲಿ ಫೈಲು, 2+3* ಎಂದು ನಡುವೆಯೇ ನಿಂತ ಫೈಲು, ಕಾಮೆಂಟು ತೆರೆದು ಮುಚ್ಚದೆ ಬಿಟ್ಟ ಫೈಲು. ಮೂರಕ್ಕೂ ಪ್ರೋಗ್ರಾಮು ಏನು ಹೇಳುತ್ತದೆಂದು ಮೊದಲೇ ಊಹಿಸಿ ಕಾಗದದಲ್ಲಿ ಬರೆದಿಟ್ಟು, ಆಮೇಲೆ ಓಡಿಸಿ ನೋಡಲಿ.