ಹೆದ್ದಾರಿಗೆ ಸೇರುವ ಹತ್ತು ಸೆಕೆಂಡು

ಕಾರು ಕೊಳ್ಳಲು ಹೋದವರು ನಮ್ಮಲ್ಲಿ ಮೊದಲು ಕೇಳುವುದು ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು. ಕೇಳುವುದರಲ್ಲಿ ತಪ್ಪಿಲ್ಲ. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ಆಸುಪಾಸಿನಲ್ಲಿರುವಾಗ, ಬಾಡಿಗೆ ಕಾರು ಓಡಿಸಿ ಮನೆ ನಡೆಸುವವರಿಗೆ ಲೀಟರಿಗೆ ಒಂದೆರಡು ಕಿಲೋಮೀಟರ್ ಹೆಚ್ಚು ಸಿಕ್ಕರೂ ತಿಂಗಳ ಕೊನೆಯಲ್ಲಿ ಅದು ದೊಡ್ಡ ಮೊತ್ತವೇ. 1978ರಲ್ಲಿ ಹುಟ್ಟಿದ ಪೆಟ್ರೋಲಿಯಂ ಕನ್ಸರ್ವೇಷನ್ ರಿಸರ್ಚ್ ಅಸೋಸಿಯೇಷನ್ ಇಂಧನ ಉಳಿಸುವ ಬಗ್ಗೆ ಹೇಳುತ್ತಲೇ ಬಂದಿದೆ: ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಿ, ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ, ಟೈರಿನ ಗಾಳಿ ನೋಡಿಕೊಳ್ಳಿ. ಆಕ್ಸಿಲರೇಟರ್ ಮೇಲೆ ಕಾಲು ಮೆತ್ತಗಿರಲಿ ಎಂಬುದಂತೂ ಪ್ರತಿ ಮನೆಯ ಹಿರಿಯರು ಕೊಡುವ ಸಲಹೆ. ಇವನ್ನೆಲ್ಲ ನಾನೂ ಒಪ್ಪುತ್ತೇನೆ. ನನ್ನ ತಕರಾರಿರುವುದು ಒಂದೇ ಜಾಗದ ಬಗ್ಗೆ: ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಲ್ಲಿ ಈ ಮೆತ್ತನೆಯ ಕಾಲು ಬೇಡ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಳ್ಳಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ನಡುವೆ ಆರು ಲೇನ್, ಅಕ್ಕಪಕ್ಕ ಸರ್ವಿಸ್ ರಸ್ತೆ. ಮುಖ್ಯ ರಸ್ತೆಯಲ್ಲಿ ಕಾರಿನ ವೇಗದ ಮಿತಿ 100 ಕಿ.ಮೀ. ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಅವೆಲ್ಲ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಹಾಗಾಗಿ ಅಲ್ಲಿ 40 ದಾಟುವುದು ಕಷ್ಟ, ದಾಟಲೂಬಾರದು. ಈ 40ರ ಲೋಕದಿಂದ ಆ 80–100ರ ಲೋಕಕ್ಕೆ ಹೋಗುವ ದಾರಿಯೇ ಸೇರುವ ಲೇನು. ಅಲ್ಲಿ ಆಗಾಗ ಕಾಣುವ ದೃಶ್ಯ ಇದು. ಕಾರು ಆಗಲೇ ನಾಲ್ಕನೇ ಗೇರಿನಲ್ಲಿದೆ, ಎಂಜಿನ್ ಎಳೆಯಲಾರದೆ ನಡುಗುತ್ತಿದೆ, ಮೀಟರಿನ ಪಕ್ಕದಲ್ಲಿ ಇಕೋ ಎಂಬ ಹಸಿರು ದೀಪ ಹೊತ್ತಿದೆ. ಇಂಡಿಕೇಟರ್ ಹಾಕಿದ್ದಾರೆ, ಕನ್ನಡಿಯನ್ನೂ ನೋಡಿದ್ದಾರೆ. ಆದರೆ ಮುಳ್ಳು 45ರಿಂದ ಮೇಲೇಳುತ್ತಿಲ್ಲ, ಲೇನು ಮುಗಿಯುತ್ತಾ ಬಂತು, ಹಿಂದಿನಿಂದ ಬಸ್ಸೊಂದು ಲೈಟು ಮಿನುಗಿಸುತ್ತಾ ಬರುತ್ತಿದೆ.

ನೀವು 40ರಲ್ಲಿದ್ದು ಬಸ್ಸು 80ರಲ್ಲಿದ್ದರೆ ನಿಮ್ಮಿಬ್ಬರ ನಡುವಿನ 50 ಮೀಟರ್ ಅಂತರ ನಾಲ್ಕೂವರೆ ಸೆಕೆಂಡಿನಲ್ಲಿ ಕರಗಿಹೋಗುತ್ತದೆ. ಚಾಲಕರು ನಿಮ್ಮನ್ನು ಗಮನಿಸಿ, ನಿರ್ಧರಿಸಿ, ಬ್ರೇಕ್ ಒತ್ತಿ, ಅಷ್ಟು ಭಾರದ ಬಸ್ಸು ಮಾತು ಕೇಳುವ ಹೊತ್ತಿಗೆ ಆ ಸಮಯ ಮುಗಿದೇ ಹೋಗಿರುತ್ತದೆ. ಇಬ್ಬರೂ 80ರಲ್ಲಿದ್ದರೆ ಅದೇ ಅಂತರ ಹಾಗೇ ಉಳಿಯುತ್ತದೆ. ಹೊರಟ ಬಸ್ಸನ್ನು ಹತ್ತುವವರು ಅದರ ಜೊತೆ ನಾಲ್ಕು ಹೆಜ್ಜೆ ಓಡಿಯೇ ಮೆಟ್ಟಿಲಿಗೆ ಕಾಲಿಡುವುದು ಇದೇ ಕಾರಣಕ್ಕೆ.

‘ಹಾಗೆ ಒತ್ತಿದರೆ ಪೆಟ್ರೋಲ್ ಕುಡಿಯುತ್ತಲ್ಲ’ ಎನ್ನುವವರಿಗಾಗಿ ಲೆಕ್ಕ ಹಾಕೋಣ. ಜನರೂ ಸೇರಿ 1,200 ಕಿಲೋ ತೂಗುವ ಕಾರನ್ನು 40ರಿಂದ 80ಕ್ಕೆ ಏರಿಸಲು ಬೇಕಾದ ಚಲನಶಕ್ತಿ ಸುಮಾರು 2.2 ಲಕ್ಷ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ 3.2 ಕೋಟಿ ಜೂಲಿಗೂ ಹೆಚ್ಚು ಶಕ್ತಿ ಇದೆ. ಅದರಲ್ಲಿ ಚಕ್ರಕ್ಕೆ ತಲುಪುವುದು ಕಾಲು ಭಾಗ ಎಂದಿಟ್ಟುಕೊಂಡರೂ ಖರ್ಚು ಮೂವತ್ತು ಮಿಲಿ ಒಳಗೆ, ಅಂದರೆ ಮೂರು ರೂಪಾಯಿ ಒಳಗೆ. ಇನ್ನೂ ಮುಖ್ಯವಾದ ಮಾತೆಂದರೆ, ಏಳು ಸೆಕೆಂಡಿನಲ್ಲಿ ಏರಿಸಿದರೂ ಇಪ್ಪತ್ತೆರಡು ಸೆಕೆಂಡಿನಲ್ಲಿ ಏರಿಸಿದರೂ ಈ ಚಲನಶಕ್ತಿ ಅಷ್ಟೇ. ಬದಲಾಗುವುದು ದೂರ. ಚುರುಕಾಗಿ ಏರಿಸಿದರೆ ಸುಮಾರು 120 ಮೀಟರಿನಲ್ಲಿ 80 ಮುಟ್ಟುತ್ತೀರಿ. ಮೆತ್ತಗೆ ಏರಿಸಿದರೆ 370 ಮೀಟರ್ ಬೇಕು. ಅಷ್ಟು ಉದ್ದದ ಸೇರುವ ಲೇನು ಸಿಗುವುದು ಅಪರೂಪ.

ಚುರುಕಾಗಿ ಏರಿಸಿದರೆ ಎಂಜಿನ್ ಪೆಟ್ರೋಲನ್ನು ಪೋಲು ಮಾಡುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಪೆಟ್ರೋಲ್ ಎಂಜಿನ್ ತನ್ನ ಇಂಧನವನ್ನು ಚೆನ್ನಾಗಿ ಬಳಸಿಕೊಳ್ಳುವುದು ಅದಕ್ಕೆ ತಕ್ಕಮಟ್ಟಿನ ಹೊರೆ ಬಿದ್ದಾಗಲೇ. ಪೆಡಲನ್ನು ತಳದವರೆಗೆ ತುಳಿದು ಎಂಜಿನ್ ಕಿರುಚುವಂತೆ ಮಾಡಿದಾಗ ದಂಡ ತೆರಬೇಕಾಗುತ್ತದೆ, ನಿಜ. ಅಷ್ಟು ಬೇಕಿಲ್ಲ. ಮೂರನೇ ಗೇರಿಗೆ ಇಳಿಸಿ, ಪೆಡಲನ್ನು ಮುಕ್ಕಾಲು ಭಾಗ ಒತ್ತಿ, 80 ಮುಟ್ಟಿದ ಮೇಲೆ ಟಾಪ್ ಗೇರಿಗೆ ಹಾಕಿ. ಇಕೋ ಮೋಡ್ ಬಹಳ ಕಾರುಗಳಲ್ಲಿ ಪೆಡಲಿನ ಸ್ಪಂದನೆಯನ್ನು ಮಂಕು ಮಾಡುತ್ತದೆ. ಲೇನಿಗೆ ಬರುವ ಮುಂಚೆಯೇ ಅದನ್ನು ತೆಗೆದಿಡುವುದು ಒಳ್ಳೆಯದು. ಸಿಎನ್‌ಜಿಯಲ್ಲಿ ಓಡುವ ಕಾರಿಗೆ ಶಕ್ತಿ ಇನ್ನೂ ಸ್ವಲ್ಪ ಕಡಿಮೆ, ಅವರು ಈ ಮಾತನ್ನು ಹೆಚ್ಚು ಗಮನಿಸಬೇಕು.

‘ನಿಧಾನವಾಗಿ ಹೋದರೆ ಕ್ಷೇಮ’ ಎಂಬ ಆಕ್ಷೇಪ ಬರುತ್ತದೆ. ವೇಗ ಹೆಚ್ಚಿದಷ್ಟೂ ಪೆಟ್ಟು ಜೋರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಕ್ಕದವರ ವೇಗಕ್ಕೂ ನಮ್ಮದಕ್ಕೂ ಇರುವ ಅಂತರ ಬೇರೆಯದೇ ಅಪಾಯ. 1964ರಲ್ಲಿ ಅಮೆರಿಕದ ಡೇವಿಡ್ ಸಾಲೊಮನ್ ಅಲ್ಲಿನ ಗ್ರಾಮೀಣ ಹೆದ್ದಾರಿಗಳ ಅಪಘಾತಗಳನ್ನು ಅಧ್ಯಯನ ಮಾಡಿ, ಸರಾಸರಿ ವೇಗದಿಂದ ಮೇಲಕ್ಕಾಗಲಿ ಕೆಳಕ್ಕಾಗಲಿ ದೂರ ಸರಿದಷ್ಟೂ ಅಪಘಾತಕ್ಕೆ ಸಿಲುಕುವ ಸಂಭವ ಏರುತ್ತದೆ ಎಂದು ತೋರಿಸಿದರು. ಆ ವರದಿಯನ್ನು ನಂತರದವರು ಟೀಕಿಸಿದರು: ನಿಧಾನ ಎಂದು ಲೆಕ್ಕಕ್ಕೆ ಬಂದ ವಾಹನಗಳಲ್ಲಿ ಎಷ್ಟೋ ರಸ್ತೆಗೆ ಸೇರುತ್ತಿದ್ದವು ಅಥವಾ ತಿರುಗುತ್ತಿದ್ದವು, ಹಾಗಾಗಿ ನಿಧಾನವೊಂದೇ ಕಾರಣವಲ್ಲ ಎಂದು. ಟೀಕೆ ನ್ಯಾಯವಾದದ್ದೇ. ಆದರೆ ನನ್ನ ವಾದಕ್ಕೆ ಬಲ ಬರುವುದು ಆ ಟೀಕೆಯಿಂದ. ನೇರ ರಸ್ತೆಯಲ್ಲಿ ಎಡಗಡೆ 60ರಲ್ಲಿ ಹೋಗುವುದಕ್ಕಿಂತ ಸೇರುವ ಜಾಗದಲ್ಲಿ ವೇಗ ಕೂಡಿಸದಿರುವುದು ಗಂಡಾಂತರ.

ಹಾಗಾದರೆ ಉಳಿತಾಯ ಎಲ್ಲಿ? ಸೇರುವ ಮುಂಚೆ ಮತ್ತು ಸೇರಿದ ಮೇಲೆ. ದೂರದಿಂದಲೇ ಹೆದ್ದಾರಿಯತ್ತ ಕಣ್ಣು ಹಾಯಿಸಿ, ಎಲ್ಲಿ ಸಂದು ಸಿಗುತ್ತದೆ ಎಂದು ನೋಡಿಕೊಂಡು ಬಂದವರಿಗೆ ಲೇನಿನ ಕೊನೆಯಲ್ಲಿ ನಿಲ್ಲುವ ಪ್ರಮೇಯ ಕಡಿಮೆ. ನಿಂತುಬಿಟ್ಟರೆ ಸೊನ್ನೆಯಿಂದ 80ಕ್ಕೆ ಏರಿಸಬೇಕು. ಪೆಟ್ರೋಲೂ ಹೆಚ್ಚು, ಅಪಾಯವೂ ಹೆಚ್ಚು. ಸೇರಿದ ನಂತರ ಎಡ ಲೇನಿನಲ್ಲಿ 100ರ ಬದಲು 80ರಲ್ಲಿ ಸಾಗಿ. 80ರಿಂದ 100ಕ್ಕೆ ಹೋದರೆ ಗಾಳಿಯ ಎದುರೊತ್ತಡ ಐವತ್ತಾರು ಪ್ರತಿಶತ ಏರುತ್ತದೆ. ಮೈಸೂರಿಗೆ ಹದಿನೆಂಟು ನಿಮಿಷ ತಡವಾಗಬಹುದು, ಆದರೆ ಸೇರುವಾಗ ಖರ್ಚಾದ ಮೂರು ರೂಪಾಯಿ ಬೇಗನೆ ವಾಪಸು ಬರುತ್ತದೆ.

ಮುಖ್ಯ ರಸ್ತೆಯಲ್ಲಿ ಇರುವವರಿಗೂ ಒಂದು ಮಾತು. ಕ್ರೂಸ್ ಕಂಟ್ರೋಲ್ ಹಾಕಿ 80ರಲ್ಲಿ ಹೋಗುವವರು, ಪಕ್ಕದಿಂದ ಸೇರುವ ಕಾರಿಗೆ ಜಾಗ ಬಿಡಲು ಕಾಲು ತೆಗೆದರೆ ಮೈಲೇಜ್ ಹಾಳಾಗುತ್ತದೆ ಎಂದು ಹಿಂಜರಿಯಬೇಕಿಲ್ಲ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದಾಗ ಕಾಲು ತೆಗೆದರೆ ಇಂಧನದ ಹರಿವೇ ನಿಲ್ಲುತ್ತದೆ. 80ರಿಂದ 70ಕ್ಕೆ ಇಳಿದು ಮತ್ತೆ ಏರಿಸಿದರೆ ಒಂದು ರೂಪಾಯಿಯೂ ಖರ್ಚಾಗದು. ಬಲ ಲೇನು ಖಾಲಿ ಇದ್ದರೆ ಅಷ್ಟೂ ಬೇಡ, ಅತ್ತ ಸರಿದರಾಯಿತು.

ಸಂಜೆಯ ಹೊರವರ್ತುಲ ರಸ್ತೆಯಂಥ ಕಡೆ ಎಲ್ಲರೂ ತೆವಳುತ್ತಿರುತ್ತಾರೆ, ಅಲ್ಲಿ ಈ ಲೆಕ್ಕ ಬೇಕಿಲ್ಲ. ಒಬ್ಬರಾದ ಮೇಲೆ ಒಬ್ಬರು ಸೇರಿದರೆ ಸಾಕು. ಕಷ್ಟವಿರುವುದು ಲೇನೇ ಇಲ್ಲದೆ ಡಿವೈಡರ್ ಒಡೆದು ಬಾಯಿ ಬಿಟ್ಟ ಜಾಗಗಳಲ್ಲಿ. ಅಲ್ಲಿ ನಿಂತು ಹೊರಟ ಕಾರು ಚುರುಕಾಗಿ ಏರಿದರೂ 80 ಮುಟ್ಟಲು ಹದಿನೈದು ಸೆಕೆಂಡು ಬೇಕು. ಅಷ್ಟರಲ್ಲಿ 100ರಲ್ಲಿ ಬರುವ ವಾಹನ 400 ಮೀಟರ್ ದಾಟಿರುತ್ತದೆ. ಆ ಹೊತ್ತಿಗೆ ನೀವೂ ಒಂದಷ್ಟು ಮುಂದೆ ಸಾಗಿರುತ್ತೀರಿ, ಆದರೂ ಹಿಂದೆ ಕಾಲು ಕಿಲೋಮೀಟರಿಗೂ ಹೆಚ್ಚು ಖಾಲಿ ರಸ್ತೆ ಕಾಣುವ ತನಕ, ಎಂಜಿನ್ ಎಷ್ಟು ಪೆಟ್ರೋಲ್ ಸುಟ್ಟರೂ ಸರಿ, ಕಾಯಲೇಬೇಕು. ಸರಕು ತುಂಬಿದ ಗೂಡ್ಸ್ ಗಾಡಿಯವರು ಎಷ್ಟು ಒತ್ತಿದರೂ ಅದು ಏರುವುದಿಲ್ಲ. ಅವರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಅಂಥ ಪ್ರತಿ ಬಾಯಿಗೂ ಮುನ್ನೂರು–ನಾನೂರು ಮೀಟರ್ ಸೇರುವ ಲೇನು ಕಟ್ಟಿಕೊಡುವುದು ಹೆದ್ದಾರಿ ಪ್ರಾಧಿಕಾರದ ಕೆಲಸ. ಲೈಸೆನ್ಸಿಗೆ ಎಂಟು ಹಾಕಿಸುವ, ರಿವರ್ಸ್ ತೆಗೆಸುವ ನಮ್ಮ ಡ್ರೈವಿಂಗ್ ಶಾಲೆಗಳೂ ತರಬೇತಿಯ ಕೊನೆಯ ವಾರದಲ್ಲಿ ಕಲಿಯುವವರನ್ನು ಹೆದ್ದಾರಿಯ ಪ್ರವೇಶಕ್ಕೆ ಕರೆದೊಯ್ದು, ಪಕ್ಕದಲ್ಲಿ ಕುಳಿತು, ಮೂರನೇ ಗೇರಿನಲ್ಲಿ ಧೈರ್ಯವಾಗಿ ಒತ್ತಿ ಸೇರುವುದನ್ನು ಕೈಹಿಡಿದು ಕಲಿಸಲಿ.